ಹಸಿ ದಿಂಡು

ನಮ್ಮ ಕೇರಿಯವರ ಬಾಣ ನಿಲ್ಲುವುದಿಲ್ಲ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತ ಬೆಳೆದೆ. ದೇವದುರ್ಗದಲ್ಲಿ ಇದನ್ನು ಬೈಗುಳದಂತೆ ಯಾರೂ ಹೇಳುತ್ತಿರಲಿಲ್ಲ. ಬಿಸಿಲು ಸುಡುತ್ತದೆ, ಎಮ್ಮೆ ಕಪ್ಪಗಿರುತ್ತದೆ ಎನ್ನುವಷ್ಟು ಸಹಜವಾಗಿ ಹೇಳುತ್ತಿದ್ದರು. ನಮ್ಮವರೂ ಅದನ್ನು ನಂಬಿದ್ದರು. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ನಿಜಾಮರ ಆಳ್ವಿಕೆ ಇನ್ನೂ ಮುಗಿದಿರದ ಕಾಲ ಅದು. ಬನ್ನಿ ಹಬ್ಬದ ಮುಂದೆ ರಾಯಚೂರಿನ ಕೋಟೆಯ ಕೆಳಗಿನ ಬಯಲಿನಲ್ಲಿ ತಾಲೂಕು ತಾಲೂಕುಗಳ ನಡುವೆ ಬಿಲ್ಲಿನ ಪಂದ್ಯ ನಡೆಯುತ್ತಿತ್ತು. ದೇವದುರ್ಗದಿಂದ ನಾಲ್ಕು ಜನ ಹೋಗಬೇಕು. ಹೋದವರಿಗೆ ರುಮಾಲು ಸುತ್ತುತ್ತಿದ್ದರು, ಅದು ಬಿಡಿ. ರಾಯಚೂರಿನ ಹತ್ತಿ ಬಿಡಿಸುವ ಜಿನ್ನು ಕಾರ್ಖಾನೆಯ ಮಾಲಕರು ತಮ್ಮ ಕಾವಲುಗಾರರನ್ನು ಆ ಬಯಲಿನಲ್ಲೇ ಆರಿಸಿಕೊಳ್ಳುತ್ತಿದ್ದರು. ನಾನೂ ನನ್ನವ್ವನೂ ಗೌಡರ ಹೊಲದಲ್ಲಿ ಕೂಲಿ ಮಾಡುತ್ತಿದ್ದೆವು. ಅಪ್ಪ ಅದೇ ಹೊಲದಲ್ಲಿ ಸೊಂಟ ಬಿದ್ದು ಸತ್ತಿದ್ದ. ಆ ಹೊಲದಿಂದ ಹೊರಗೆ ಹೋಗುವ ದಾರಿ ನನಗೆ ಒಂದೇ ಒಂದು ಕಾಣುತ್ತಿತ್ತು. ಅದು ಆ ನಾಲ್ವರಲ್ಲಿ ಒಬ್ಬನಾಗುವುದು.

ಆಯ್ಕೆ ನಡೆಯುತ್ತಿದ್ದದ್ದು ಊರ ತಾಲೀಮಿನ ಗರಡಿಮನೆಯ ಮುಂದೆ. ತಾಲೀಮಿನ ಉಸ್ತಾದರು, ಅಂದರೆ ಕುಸ್ತಿ, ಬಿಲ್ಲು ಎರಡನ್ನೂ ಕಲಿಸುವ ಗುರುಗಳು, ಕಟ್ಟೆಯ ಮೇಲೆ ಕೂತು ತೀರ್ಪು ಹೇಳುತ್ತಿದ್ದರು. ಗುರಿ ಎಂದರೆ ಬಾಳೆಯ ದಿಂಡು. ಆಳೆತ್ತರದ ದಿಂಡನ್ನು ನೆಲಕ್ಕೆ ಹೂತು, ಎದೆಯ ಮಟ್ಟದಲ್ಲಿ ಅರಿಶಿನದ ದಾರವನ್ನು ಮೇಲೊಂದು ಕೆಳಗೊಂದು ಸುತ್ತುತ್ತಿದ್ದರು. ಎಲ್ಲರಿಗೂ ಅದೇ ದಿಂಡು, ಒಬ್ಬೊಬ್ಬರಿಗೆ ಐದು ಬಾಣ. ಎರಡು ದಾರದ ನಡುವೆ ನಾಟಿ ನಿಂತ ಬಾಣ ಲೆಕ್ಕಕ್ಕೆ, ಬಿದ್ದದ್ದು ಲೆಕ್ಕಕ್ಕಿಲ್ಲ. ಇಬ್ಬರು ಸಮವಾದರೆ ಜಾಗ ಹಿರಿಯವನಿಗೆ. ಇಷ್ಟೇ ನಿಯಮ. ಕೇಳಿದರೆ ಯಾರಾದರೂ ಇದರಲ್ಲಿ ಮೋಸವೇನಿದೆ ಎಂದಾರು.

ಹಿಂದೆ ನಮ್ಮ ಅಜ್ಜಂದಿರು ಬಿಲ್ಲು ಹಿಡಿದು ಊರ ಕಾವಲು ಕಾಯ್ದವರು. ಹಾಗಾಗಿ ಬಾಣ ಬಿಡಬೇಡಿ ಎಂದು ನಮಗೆ ಯಾರೂ ಹೇಳುವಂತಿರಲಿಲ್ಲ. ಬಿಡಿ, ಆದರೆ ಕೊನೆಗೆ ಬಿಡಿ. ಅದಕ್ಕೆ ಮಾನದ ಸಾಲು ಎಂದು ಹೆಸರು. ಮೊದಲು ಗೌಡರ, ಸಾಹುಕಾರರ ಮನೆಯವರು, ಆಮೇಲೆ ರೈತರ ಮನೆಯವರು, ಎಲ್ಲ ಮುಗಿದು ಜನ ಎದ್ದು ಧೂಳು ಕೊಡವಿಕೊಳ್ಳುವ ಹೊತ್ತಿಗೆ ಊರ ಹೊರಗಿನ ಕೇರಿಯವರಾದ ನಾವು. ನಮ್ಮ ಬಾಣ ದಿಂಡಿಗೆ ಬಡಿಯುತ್ತಿತ್ತು, ಗುರಿ ತಪ್ಪುತ್ತಿರಲಿಲ್ಲ. ಆದರೆ ಜೋತು ಬಿದ್ದು, ಜಾರಿ, ನೆಲಕ್ಕೆ ಉರುಳುತ್ತಿತ್ತು. ಜನ ನಗುತ್ತಿದ್ದರು. ಅಂಬಲಿ ಕುಡಿದ ತೋಳು, ಎಲ್ಲಿಂದ ಬರಬೇಕು ಕಸುವು ಎಂದು ಉಸ್ತಾದರು ಮರುಕದಿಂದ ತಲೆಯಾಡಿಸುತ್ತಿದ್ದರು. ಆ ಮರುಕ ನಗುವಿಗಿಂತ ಕೆಟ್ಟದ್ದು.

ನಮ್ಮ ಪಕ್ಕದ ಮನೆಯವನೊಬ್ಬನಿದ್ದ. ಸಂತೆಯಲ್ಲಿ ಜೋಳದ ಚೀಲ ಹೊರುವ ಹಮಾಲಿ, ನನಗಿಂತ ಬಹಳ ಹಿರಿಯ. ಅವರ ಬಚ್ಚಲ ನೀರು ನಮ್ಮ ಅಂಗಳಕ್ಕೆ ಹರಿಯುತ್ತದೆಂದು ಅವ್ವನಿಗೂ ಅವನಿಗೂ ಮಾತು ಬಿಟ್ಟು ಯಾವ ಕಾಲವೋ ಆಗಿತ್ತು. ಎರಡು ಚೀಲ ಒಟ್ಟಿಗೆ ಎತ್ತುವ ಆ ಮನುಷ್ಯನ ಬಾಣವೂ ನಿಲ್ಲುತ್ತಿರಲಿಲ್ಲ. ಅವನು ಬೇಸತ್ತು ಬಿಲ್ಲನ್ನು ಸೂರಿನಲ್ಲಿ ಸಿಕ್ಕಿಸಿಬಿಟ್ಟಿದ್ದ. ನಾನು ಸಂಜೆ ಅಭ್ಯಾಸ ಮಾಡುವಾಗ ಬೀಡಿ ಸೇದುತ್ತ ನೋಡಿ, ಮೂಗು ಮುರಿದು ಒಳಗೆ ಹೋಗುತ್ತಿದ್ದ.

ಗುಟ್ಟು ನನಗೆ ತಿಳಿದದ್ದು ಮಾನ್ವಿಯಲ್ಲಿ. ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದೆವು. ಭಾವ ನದಿ ದಂಡೆಯ ಒಂದು ಬಾಳೆ ತೋಟದಲ್ಲಿ ಆಳಾಗಿದ್ದ. ಗೊನೆ ಕಡಿದ ಮೇಲೆ ದಿಂಡನ್ನು ದನಗಳಿಗೆ ಕೊಚ್ಚಿ ಹಾಕುತ್ತಾರೆ, ಅಂಥ ಒಂದಿಷ್ಟು ಅಕ್ಕನ ಹಿತ್ತಲಿನಲ್ಲಿ ಬಿದ್ದಿದ್ದವು. ಸುಮ್ಮನೆ ಕೂರಲಾರದೆ ಒಂದನ್ನು ನಿಲ್ಲಿಸಿ, ಜೊತೆಗೆ ಒಯ್ದಿದ್ದ ಬಿಲ್ಲಿನಿಂದ ಬಾಣ ಬಿಟ್ಟೆ. ಗಚ್ಚನೆ ನಾಟಿತು. ಇನ್ನೊಂದು ಬಿಟ್ಟೆ, ಅದೂ ನಾಟಿತು. ಐದಕ್ಕೆ ಐದೂ ನಿಂತವು. ನನಗೆ ನಗು ಬಂತು, ಅಳುವೂ ಬಂತು. ಮಧ್ಯಾಹ್ನವಿಡೀ ಅದೇ ದಿಂಡಿಗೆ ಹೊಡೆಯುತ್ತಲೇ ಇದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಅದರ ಪದರಗಳು ನಜ್ಜಾಗಿ, ನೀರು ಸೋರಿ, ನಾರು ನಾರಾಗಿತ್ತು. ಆಗ ಬಿಟ್ಟ ಬಾಣ ಬಡಿದು, ಜೋತು ಬಿದ್ದು, ಜಾರಿ, ನೆಲಕ್ಕೆ ಉರುಳಿತು. ಥೇಟ್ ದೇವದುರ್ಗದ ಹಾಗೆ.

ತೋಳೂ ಅದೇ, ಬಿಲ್ಲೂ ಅದೇ, ಬಾಣವೂ ಅದೇ. ಹಾಳಾದದ್ದು ದಿಂಡು. ಗೌಡರ ಮನೆಯವರಿಗೆ ಹಸಿ ದಿಂಡು, ನಮಗೆ ಚಿಂದಿಯಾದ ದಿಂಡು. ಇಷ್ಟು ಸಣ್ಣ ಸಂಗತಿ ಇಷ್ಟು ತಲೆಮಾರು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡೆ. ಸಾಲಿನಲ್ಲಿ ಕೊನೆಗೆ ನಿಲ್ಲುವುದು ಅಭ್ಯಾಸವಾದರೆ, ಕೊನೆಗೆ ನಿಂತದ್ದರಿಂದಲೇ ಸೋತೆವು ಎಂದು ಯಾರಿಗೆ ಹೊಳೆದೀತು?

ಊರಿಗೆ ಬಂದವನೇ ತಾಲೀಮಿಗೆ ಹೋಗಿ, ಬಾಗಿಲ ಹೊರಗೆ ನಿಂತು, ಉಸ್ತಾದರಿಗೆ ಎಲ್ಲವನ್ನೂ ಹೇಳಿದೆ. ಸಾಲಿಗೊಂದು ಹೊಸ ದಿಂಡು ನಿಲ್ಲಿಸಿ ಎಂದೆ. ಅವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ಈ ಬರಡು ಸೀಮೆಯಲ್ಲಿ ಒಂದು ದಿಂಡು ತರಿಸುವುದೇ ಕಷ್ಟ, ಸಾಲಿಗೊಂದು ಎಲ್ಲಿಂದ ತರಲಿ ಎಂದರು. ನಾನು ತರುತ್ತೇನೆ ಎಂದೆ. ಅವರಿಗೆ ಅದು ಬೇಕಾಗಿರಲಿಲ್ಲ. ಇನ್ನೊಂದು ಮಾತು ಅವರ ಬಾಯಿಂದ ಜಾರಿತು. ನಮ್ಮ ಬಾಣ ದಿಂಡಿನಲ್ಲಿ ನಿಂತರೆ ಅದನ್ನು ಕೀಳುವವರು ಯಾರು ಎಂದರು. ಅವರ ದಿಂಡನ್ನು ನಾವು ಮುಟ್ಟುವಂತಿರಲಿಲ್ಲ, ನಮ್ಮ ಬಾಣವನ್ನು ಅವರು ಮುಟ್ಟುತ್ತಿರಲಿಲ್ಲ. ಬಿದ್ದ ಬಾಣವನ್ನು ನಾವೇ ಹೆಕ್ಕಿಕೊಂಡು ಹೋಗುತ್ತಿದ್ದೆವು, ಯಾರೂ ಏನನ್ನೂ ಮುಟ್ಟುವ ಪ್ರಸಂಗ ಬರುತ್ತಿರಲಿಲ್ಲ. ನಮ್ಮ ಬಾಣ ಬೀಳುವುದು ಎಲ್ಲರಿಗೂ ಎಷ್ಟು ಅನುಕೂಲವಾಗಿತ್ತು ಎಂಬುದು ನನಗೆ ಅವತ್ತು ಅರ್ಥವಾಯಿತು.

ನಾನು ಬಾಯಿ ಮುಚ್ಚಲಿಲ್ಲ. ಸಂತೆಯಲ್ಲಿ ಹೇಳಿದೆ, ಬಾವಿಯ ಹತ್ತಿರ ಹೇಳಿದೆ, ಹೊಲದಲ್ಲಿ ಕಳೆ ತೆಗೆಯುತ್ತ ಹೇಳಿದೆ. ನಡುವಿನ ಸಾಲಿನ ರೈತರ ಹುಡುಗರ ಕಿವಿ ನೆಟ್ಟಗಾಯಿತು. ಅವರ ಬಾಣಗಳೂ ಅರ್ಧಕ್ಕರ್ಧ ಬೀಳುತ್ತಿದ್ದವಲ್ಲ. ಆಯ್ಕೆಗೆ ಸ್ವಲ್ಪ ದಿನ ಇರುವಾಗ ಉಸ್ತಾದರೇ ನನ್ನನ್ನು ಕರೆಸಿದರು. ಈ ಸಲ ದನಿ ಮೆತ್ತಗಿತ್ತು. ಗೌಡರ ಮಗನೂ ಪಕ್ಕದಲ್ಲಿ ಕೂತಿದ್ದ. ಅವನೇ ನಮ್ಮ ತಾಲೂಕಿನ ಮೊದಲ ಬಿಲ್ಲುಗಾರ, ಸುಳ್ಳು ಹೇಳಬಾರದು, ಚೆನ್ನಾಗಿ ಹೊಡೆಯುತ್ತಿದ್ದ.

"ನಾಕನೇದವ ನೀನಾ ಆಗ್ತಿ. ನಿನ್ನ ತೋಳು ಚಲೋ ಅದ, ನಮಗ ಗೊತ್ತದ. ರಾಯಚೂರಿಗೆ ಬಾ, ಜಿನ್ನಿನಾಗ ಕೆಲಸಾನೂ ಹಚ್ಚಿಸ್ತೀವಿ. ದಿಂಡಿನ ಮಾತು ಇಲ್ಲಿಗೇ ಬಿಡು," ಎಂದರು ಉಸ್ತಾದರು.

ಬೇಕಿತ್ತು ನನಗೆ, ಬೇಡವಾಗಿತ್ತು ಎಂದರೆ ದೊಡ್ಡ ಸುಳ್ಳು. ಆದರೆ ಕೇಳಿದ ಮಾತು ಇನ್ನೊಂದೇ. "ನಮ್ಮ ಸಾಲಿನ ಉಳದವರು ಏನ್ ಮಾಡಬೇಕ್ರಿ?" ಎಂದೆ. ಉಸ್ತಾದರು ಗೌಡರ ಮಗನ ಮುಖ ನೋಡಿದರು. ನಾನು ಬಂದುಬಿಟ್ಟೆ.

ಅವ್ವನಿಗೆ ಹೇಳಿದ್ದೇ ತಪ್ಪಾಯಿತು. ರಾಯಚೂರಿಗೆ ಹೋಗುವ ನನಗೆಂದು ಆಕೆ ಆಗಲೇ ಒಂದು ಬಿಳಿ ಅಂಗಿ ಹೊಲಿಸಿ, ಗಡಿಗೆಯೊಳಗೆ ಮಡಚಿಟ್ಟಿದ್ದಳು. ಆಕೆ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಬೈದಳು.

"ಮಂದಿ ಸಲುವಾಗಿ ನಿನಗ್ಯಾಕ ಬೇಕೋ ಯಪ್ಪಾ ಈ ಉಸಾಬರಿ? ಆ ಬಾಜೂ ಮನಿಯವ ನಿನ್ನ ಸಲುವಾಗಿ ಬಚ್ಚಲ ಮೋರಿನಾರ ತಿರುಗಿಸ್ಯಾನೇನು?"

ತಿರುಗಿಸಿರಲಿಲ್ಲ, ನಿಜ. ಆದರೂ ಉಸ್ತಾದರ ಕೃಪೆಯಿಂದ ಹೋದರೆ, ಕೇರಿಯವರ ಬಾಣ ನಿಲ್ಲುವುದಿಲ್ಲ, ಪಾಪ, ಒಬ್ಬನನ್ನು ಕರುಣೆಯಿಂದ ಕರೆದೊಯ್ದೆವು ಎನ್ನುತ್ತಾರೆ. ಆ ಕರುಣೆಯನ್ನು ಜೀವನವಿಡೀ ಜಿನ್ನಿನ ಬಾಗಿಲಲ್ಲಿ ನಿಂತು ಹೊರಲು ನಾನು ತಯಾರಿರಲಿಲ್ಲ. ಅವ್ವ ಆ ದಿನದಿಂದ ರೊಟ್ಟಿಯನ್ನು ನನ್ನ ಮುಂದೆ ಇಟ್ಟು, ಎದ್ದು ಹೋಗುತ್ತಿದ್ದಳು.

ನಾನು ಮತ್ತೆ ಮಾನ್ವಿಗೆ ಹೋದೆ. ಭಾವ ತೋಟದವರನ್ನು ಕೇಳಿ ಹಸಿ ದಿಂಡುಗಳನ್ನು ಅವರದೇ ಬಂಡಿಗೆ ಹೇರಿಕೊಟ್ಟ. ಅಕ್ಕ ಅವುಗಳ ಮೇಲೆ ಒದ್ದೆ ಗೋಣಿ ತಟ್ಟು ಹೊದಿಸಿದಳು. ದಾರಿಯ ಮಲ್ಲಟದಲ್ಲಿ ರಾತ್ರಿ ಉಳಿದು, ದಿಂಡುಗಳಿಗೆ ಬಾವಿಯ ನೀರು ಚಿಮುಕಿಸಿ, ನಸುಕಿಗೇ ಎತ್ತು ಹೂಡಿದೆ. ದಾರಿಯುದ್ದಕ್ಕೂ ಜನ ಯಾರ ಮದುವೆಗೆ ಹಂದರದ ಬಾಳೆ ಎಂದು ಕೇಳಿದರು. ನನ್ನದೇ ಎಂದೆ.

ಆಯ್ಕೆಯ ದಿನ ಬಂಡಿಯನ್ನು ತಾಲೀಮಿನ ಎದುರಿಗಿನ ಬೇವಿನ ಮರದ ಕೆಳಗೆ ಬಿಟ್ಟು, ನಮ್ಮ ಸಾಲಿನಲ್ಲಿ ನಿಂತೆ. ಪಕ್ಕದ ಮನೆಯವನೂ ಸೂರಿನಿಂದ ಬಿಲ್ಲು ಇಳಿಸಿಕೊಂಡು ಬಂದಿದ್ದ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎಂದಿನಂತೆ ಮೊದಲ ಸಾಲು ಬಾಣ ಬಿಟ್ಟಿತು, ಎಲ್ಲ ನಿಂತವು. ನಡುವಿನ ಸಾಲು ಬಿಟ್ಟಿತು, ಕೆಲವು ನಿಂತವು, ಕೆಲವು ಬಿದ್ದವು. ನಮ್ಮನ್ನು ಕರೆದರು. ನಾನು ಮುಂದೆ ಹೋಗಿ ಬಿಲ್ಲನ್ನು ನೆಲದ ಮೇಲೆ ಇಟ್ಟೆ.

"ನಾ ಹೊಡಿಯಂಗಿಲ್ರಿ," ಎಂದೆ. "ಗೌಡರ ಮಗ ಹೊಡೀಲಿ. ಈಗ, ಇದೇ ದಿಂಡಿಗೆ. ಅವರ ಬಾಣ ನಿಂತ್ರ ನಾ ಮತ್ತ ಈ ಅಂಗಳಕ್ಕ ಕಾಲಿಡಂಗಿಲ್ಲ."

ಗದ್ದಲವೆದ್ದಿತು. ಯಾರೋ ನನ್ನ ಮೇಲೆ ಏರಿ ಬಂದರು. ಗೌಡರ ಮಗ ಕೈಯೆತ್ತಿ ಅವರನ್ನು ತಡೆದ. ಅವನಿಗೆ ತನ್ನ ತೋಳಿನ ಮೇಲೆ ಅಷ್ಟು ಹೆಮ್ಮೆ. ನನ್ನ ಬಾಯಿ ಮುಚ್ಚಿಸಿಯೇ ಬಿಡುತ್ತೇನೆಂದು ಬಿಲ್ಲಿಗೆ ಹೆದೆಯೇರಿಸಿದ. ಮೊದಲ ಬಾಣ ಬಡಿದು, ಜೋತು ಬಿದ್ದು, ಉರುಳಿತು. ಅವನ ಹುಬ್ಬು ಗಂಟಾಯಿತು. ಇನ್ನೊಂದನ್ನು ಕಿವಿಯವರೆಗೆ ಎಳೆದು ಬಿಟ್ಟ. ಅದೂ ಉರುಳಿತು. ಮೂರನೆಯದನ್ನು ಬಿಡಲಿಲ್ಲ. ಬಿಲ್ಲು ಕೆಳಗಿಳಿಸಿ, ತನ್ನ ಬಾಣಗಳನ್ನೇ ನೋಡುತ್ತ ನಿಂತ. ನಡುವಿನ ಸಾಲಿನವರು ತಮಗೂ ಮೋಸವಾಗಿದೆ ಎಂದು ಕೂಗಾಡತೊಡಗಿದರು. ಕೇರಿಯವರು ಕೂಗಿದ್ದರೆ ಉಸ್ತಾದರು ಕೇಳುತ್ತಿರಲಿಲ್ಲ, ರೈತರು ಕೂಗಿದಾಗ ಕೇಳಲೇಬೇಕಾಯಿತು.

ನನ್ನ ಬಂಡಿಯಿಂದ ಸಾಲಿಗೊಂದು ಹೊಸ ದಿಂಡು ಇಳಿದು ನಿಂತಿತು, ಎಲ್ಲರೂ ಮೊದಲಿನಿಂದ ಹೊಡೆಯಬೇಕೆಂದಾಯಿತು. ಬೇರೆ ದಿಂಡಾದರೆ ನಮ್ಮ ಬಾಣವನ್ನು ನಾವೇ ಕಿತ್ತುಕೊಳ್ಳುತ್ತೇವಲ್ಲ, ಆ ಕಾರಣಕ್ಕೂ ಅವರಿಗೆ ಇದು ಹಿತವಾಗಿ ಕಂಡಿತು. ಹೊಲಸು ಕಾರಣ. ಆದರೂ ದಿಂಡು ಹಸಿಯಾಗಿತ್ತು.

ಅವತ್ತು ನಮ್ಮ ಕೇರಿಯವರ ಬಾಣ ನಿಂತವು. ಒಂದಾದ ಮೇಲೊಂದು ಗಚ್ಚ್ ಗಚ್ಚ್ ಎಂದು ನಾಟಿದವು. ಬೇವಿನ ಮರದ ಕೆಳಗೆ ನಿಂತ ನಮ್ಮ ಹೆಂಗಸರು ಏನು ಮಾಡಬೇಕೋ ತಿಳಿಯದೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಮೂರು ಜಾಗ ಐದಕ್ಕೆ ಐದೂ ನಿಲ್ಲಿಸಿದ ಗೌಡರ ಮಗನಿಗೂ ಇಬ್ಬರು ರೈತರ ಹುಡುಗರಿಗೂ ಹೋದವು. ಅದಕ್ಕೆ ನನ್ನ ತಕರಾರಿಲ್ಲ, ಅವರು ಹೊಡೆದಿದ್ದರು. ಮೊದಲೆರಡು ಸಾಲಿನ ಮಿಕ್ಕವರ ಎರಡು ಮೂರು ಬಾಣ ದಾರದ ಹೊರಗೆ ನಾಟಿದ್ದವು. ಉಳಿದದ್ದು ಒಂದು ಜಾಗ. ಪಕ್ಕದ ಮನೆಯವನವು ನಾಲ್ಕು ನಿಂತಿದ್ದವು. ನನ್ನವೂ ನಾಲ್ಕು ಸರಿಯಾಗಿ ನಿಂತಿದ್ದವು. ಐದನೆಯದು ಕೆಳಗಿನ ದಾರದ ಹತ್ತಿರ ನಾಟಿತ್ತು. ಅದು ಒಳಗಿದ್ದರೆ ಜಾಗ ನನ್ನದು. ಹೊರಗಿದ್ದರೆ ಇಬ್ಬರೂ ಸಮ, ಸಮವಾದರೆ ವಯಸ್ಸಿನಲ್ಲಿ ಹಿರಿಯವನಿಗೆ ಎಂಬುದು ಮೊದಲಿನಿಂದಲೂ ಇದ್ದ ನಿಯಮ.

ಉಸ್ತಾದರು ಕಟ್ಟೆಯಿಂದಿಳಿದು ಸ್ವಲ್ಪ ಮುಂದೆ ಬಂದರು, ಅಲ್ಲೇ ನಿಂತರು. ನಮ್ಮ ದಿಂಡಿನ ಹತ್ತಿರ ಬರಲು ಅವರಿಗೆ ಮನಸ್ಸಾಗಲಿಲ್ಲ. ಅಷ್ಟು ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದರೂ ಕಾಣಲಿಲ್ಲ.

"ಒಳಗದೋ ಹೊರಗದೋ?" ಎಂದರು. "ನ್ಯಾಯ ಕೇಳಿದವ ನೀನಾ ಅಲ್ಲೇನು? ನೀನಾ ನೋಡಿ ಹೇಳು."

ನಾನು ಹೋಗಿ ಬಗ್ಗಿ ನೋಡಿದೆ. ದಾರಕ್ಕೂ ಬಾಣಕ್ಕೂ ನಡುವೆ ಒಂದು ಜೋಳದ ಕಾಳು ಹಿಡಿಯುವಷ್ಟು ಸಂದು. ಬಾಣ ಹೊರಗಿತ್ತು. ಮೇಲಿನವರಲ್ಲಿ ಒಬ್ಬನೂ ಹತ್ತಿರ ಬಂದು ನೋಡುವವನಲ್ಲ. ಕಿತ್ತುಬಿಟ್ಟರೆ ಗುರುತೂ ಉಳಿಯದು. ಅವ್ವ ಮರದ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಜಿನ್ನಿನ ಬಾಗಿಲು, ರಾಯಚೂರಿನ ಸ್ಟೇಷನ್ನು, ಗಡಿಗೆಯ ಒಳಗಿನ ಬಿಳಿ ಅಂಗಿ ಎಲ್ಲ ನನ್ನ ಕಣ್ಣ ಮುಂದೆ ಬಂದವು.

"ಹೊರಗದರೀ," ಎಂದೆ. ಇಡೀ ಅಂಗಳಕ್ಕೆ ಕೇಳುವಷ್ಟು ಜೋರಾಗಿ ಎಂದೆ.

ಪಕ್ಕದ ಮನೆಯವನು ರಾಯಚೂರಿಗೆ ಹೋದ. ಹೋಗುವ ಹಿಂದಿನ ಸಂಜೆ ಅವ್ವ ಗಡಿಗೆಯಿಂದ ಆ ಅಂಗಿ ತೆಗೆದು, ಅವನ ಹೊಸ್ತಿಲ ಮೇಲೆ ಇಟ್ಟು ಬಂದಳು. ಚೀಲ ಹೊತ್ತ ಆ ಭುಜಕ್ಕೆ ಅದು ಹಿಡಿಸುವ ಅಂಗಿಯೇ ಅಲ್ಲ. ಅವನು ತಿರುಗಿ ಬಂದಾಗ ಎರಡೂ ಕಂಕುಳು ಹರಿದಿದ್ದವು. ಕೋಟೆಯ ಕೆಳಗೆ ತನ್ನ ಬಾಣ ನಿಂತದ್ದನ್ನು ನಮ್ಮ ಅಂಗಳದಲ್ಲಿ ಕೂತು ಹೇಳಿದ, ಜಿನ್ನಿನಲ್ಲಿ ಕೆಲಸ ಸಿಕ್ಕಿದ್ದನ್ನೂ ಹೇಳಿದ. ರಾಯಚೂರಿಗೆ ಮನೆ ಎತ್ತುವ ಮೊದಲು ಬಚ್ಚಲ ಮೋರಿಯನ್ನು ತಿರುಗಿಸಿ ಕೊಟ್ಟ. ನಾನು ಗೌಡರ ಹೊಲಕ್ಕೆ ಹೋದೆ, ಇನ್ನೂ ಬಹಳ ವರ್ಷ ಹೋದೆ.

ಹುಚ್ಚ ನೀನು, ಕೈಯಲ್ಲಿದ್ದದ್ದನ್ನು ಎರಡೆರಡು ಸಲ ಚೆಲ್ಲಿದೆ ಎಂದು ಜನ ಇವತ್ತಿಗೂ ಅನ್ನುತ್ತಾರೆ. ಅನ್ನಲಿ. ಕೇರಿಯವರ ಬಾಣ ನಿಲ್ಲುವುದಿಲ್ಲ ಎಂದು ಆಮೇಲೆ ದೇವದುರ್ಗದಲ್ಲಿ ಯಾರೂ ಅನ್ನಲಿಲ್ಲ. ಅವತ್ತು ದಾರದ ಹೊರಗೆ ನಿಂತದ್ದು ನನ್ನದೂ ಒಂದು ಬಾಣ, ಅದನ್ನು ನಾನೇ ಹೇಳಿದೆ, ನಾನೇ ಕಿತ್ತುಕೊಂಡು ಮನೆಗೆ ಬಂದೆ.