ಖಾಲಿ ಕೋಣೆಯ ಟೇಪು

ಅವರ ತಲೆಯ ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ, ಒಂದು ಬೆರಳಗಲ ಕೂದಲೇ ಇರಲಿಲ್ಲ. ಹೆಡ್‌ಫೋನಿನ ಪಟ್ಟಿ ವರ್ಷಗಟ್ಟಲೆ ತಿಕ್ಕಿ ಆದ ಗುರುತು. ನೊಗ ಹೊತ್ತ ಎತ್ತಿನ ಹೆಗಲು ಹಾಗೇ ಆಗುತ್ತದೆ. ಗೋರೆಗಾಂವಿನ ನಮ್ಮ ಸಣ್ಣ ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಸೌಂಡ್ ದಾದಾ ಎನ್ನುತ್ತಿದ್ದರು. ಧಾರವಾಡದಿಂದ ಹೋಗಿ ಅಲ್ಲಿ ಸಹಾಯಕ ಎಡಿಟರ್ ಆಗಿದ್ದ ನಾನು ಮಾತ್ರ ಮಾಮಾ ಎನ್ನುತ್ತಿದ್ದೆ. ಉಡುಪಿ ಕಡೆಯವರು. ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದು, ಸ್ಟುಡಿಯೋದ ವೈರು ಎಳೆಯುತ್ತಾ ಎಳೆಯುತ್ತಾ ಧ್ವನಿಮುದ್ರಕರಾಗಿದ್ದರು. ಅವರೆದುರು ಚಹಾವನ್ನು ಸುರ್ ಎಂದು ಹೀರುವ ಧೈರ್ಯ ಯಾರಿಗೂ ಇರಲಿಲ್ಲ.

ಅವರದೊಂದು ಪದ್ಧತಿಯಿತ್ತು. ಯಾರ ಮನೆಯಲ್ಲಿ ಶೂಟಿಂಗ್ ಆದರೂ, ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಹಾಕುವರು. ಮೈಕು ಒಳಗೆ, ತಾವು ಟೇಪ್ ಯಂತ್ರದೊಡನೆ ಬಾಗಿಲಾಚೆ. ಎರಡು ನಿಮಿಷ ಬರಿಯ ಕೋಣೆಯ ಸದ್ದನ್ನು ಹಿಡಿಯುವರು. ಹಗಲೆಲ್ಲ ಬಿಸಿಲಲ್ಲಿ ಬೆಂದು ಮನೆಗೆ ಹೋಗುವ ಆತುರದಲ್ಲಿದ್ದ ನಾವು ಹಲ್ಲು ಕಡಿಯುತ್ತಾ ನಿಲ್ಲುತ್ತಿದ್ದೆವು. "ಪ್ರತಿ ಮನೆಗೂ ಅದರದ್ದೇ ಒಂದು ಸದ್ದು ಉಂಟು ಮಾರಾಯ. ಅದು ಅಡಿಯಲ್ಲಿ ಇಲ್ಲದಿದ್ರೆ ಪಿಕ್ಚರಿನ ಮನುಷ್ಯ ಅಂತರದಲ್ಲಿ ನೇತಾಡ್ತಾನೆ" ಎನ್ನುವರು.

ಐವತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ನಿರ್ದೇಶಕರು ಜೋಗೇಶ್ವರಿಯಲ್ಲಿ ಒಂದೊಂದೇ ಕೋಣೆಯ ಸಾಲುಮನೆಗಳ ಒಂದು ಚಾಳಿನ ಬಗ್ಗೆ ಇಪ್ಪತ್ತು ನಿಮಿಷದ ಚಿತ್ರ ತೆಗೆಯಲು ಹೊರಟರು. ಹಿಂದಿಯವರು, ಒಳ್ಳೆಯವರು, ಬಡವರ ಬದುಕನ್ನು ಇದ್ದಂತೆಯೇ ತೋರಿಸಬೇಕೆಂಬ ಹುಚ್ಚಿನವರು. ಚಾಳಿನಲ್ಲಿ ಅರ್ಧಕ್ಕರ್ಧ ವಿಜಾಪುರದ ಕಡೆಯ ಮಂದಿ. ಅವರಲ್ಲೊಬ್ಬ ಹೆಂಗಸು ಚಿತ್ರದ ನಾಯಕಿ. ಗಂಡ ಊರಿಗೆ ಹೋಗಿದ್ದಾನೆ, ಬರುತ್ತಾನೆ ಎನ್ನುತ್ತಾ ಎರಡು ಮಕ್ಕಳೊಂದಿಗಿದ್ದಳು.

ನಲ್ಲಿಯ ನೀರು ನಿಂತುಹೋಗುವ ದೃಶ್ಯದಲ್ಲಿ ನಿರ್ದೇಶಕರು ಅವಳ ಮುಖವನ್ನು ತೀರ ಹತ್ತಿರದಿಂದ ಹಿಡಿದು, ಮೇಲೆ ಪಿಟೀಲು ಹಾಕಬೇಕೆಂದಿದ್ದರು. ಮಾಮಾ ಒಪ್ಪಲಿಲ್ಲ. "ಕ್ಯಾಮೆರಾ ಹತ್ತಿರ ಹೋದಷ್ಟೂ ಸದ್ದು ದೂರ ನಿಲ್ಲಬೇಕು. ಎರಡೂ ಒಟ್ಟಿಗೆ ಮೈಮೇಲೆ ಬಿದ್ರೆ ನೋಡುವವನಿಗೆ ಅಳಲಿಕ್ಕೆ ಜಾಗ ಎಲ್ಲಿ ಉಂಟು?" ನಾನು ಅದನ್ನು ನಿರ್ದೇಶಕರಿಗೆ ಹಿಂದಿಯಲ್ಲಿ ಹೇಳಿದೆ. ಕೊನೆಗೆ ಕ್ಯಾಮೆರಾ ಕೊಡದ ಬಾಯಿಯ ಮೇಲೆ ನಿಂತಿತು, ನೀರು ಮುಗಿದ ನಲ್ಲಿ ಗಾಳಿ ಕಾರುವ ಸದ್ದಷ್ಟೇ ಉಳಿಯಿತು. ಅದನ್ನು ನೋಡಿದ ದಿನ ಪ್ರೊಜೆಕ್ಟರಿನವನು ಕೂಡ ಬೀಡಿ ಹಚ್ಚುವುದನ್ನು ಮರೆತಿದ್ದ.

ಆದರೂ ಇಡೀ ಚಿತ್ರ ಜೋಡಿಸಿದಾಗ ಏನೋ ಸಪ್ಪೆ. ಎಲ್ಲರೂ ದಣಿದಿದ್ದೆವು. ಒಂದು ಮಧ್ಯಾಹ್ನ, ಅವಳ ಮನೆಯ ದೃಶ್ಯದ ಅಡಿಯಲ್ಲಿ ಹಾಕಲು 'ಖಾಲಿ ಕೋಣೆ' ಎಂದು ಮಾಮಾ ಬರೆದಿದ್ದ ಡಬ್ಬಿ ತೆಗೆದು ಟೇಪು ಹಚ್ಚಿದೆ. ಕೋಣೆ ಖಾಲಿ ಇರಲಿಲ್ಲ. ಮನೆಯ ಮೂಲೆಯ ಪರದೆಯ ಹಿಂದೆ ಉಳಿದುಬಿಟ್ಟಿದ್ದ ಅವಳು, ಎಲ್ಲರೂ ಹೋದರೆಂದು ತಿಳಿದು ಅಳುತ್ತಿದ್ದಳು, ಗಂಡನನ್ನು ಬೈಯುತ್ತಿದ್ದಳು. ಅವನು ಊರಿಗೆ ಹೋಗಿರಲಿಲ್ಲ. ಎಲ್ಲಿದ್ದಾನೆ, ಯಾರ ಜೊತೆ ಎಂಬುದೆಲ್ಲ ಅದರಲ್ಲಿತ್ತು. ಅವಳ ಮಾತನ್ನು ಇಲ್ಲಿಯೂ ಬರೆಯಲಾರೆ.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಚಿತ್ರ ಗೆದ್ದಿತೆಂದು ನಿರ್ದೇಶಕರ ಬಳಿ ಓಡಿದೆ. ಅವರು ಕೇಳಿ ಕಣ್ಣೊರೆಸಿಕೊಂಡರು. "ಏನು ಹೇಳುತ್ತಿದ್ದಾಳೆ?" ಎಂದು ಹಿಂದಿಯಲ್ಲಿ ಕೇಳಿದರು.

"ಏನಿಲ್ಲ ಸಾಹೇಬ್, ದೇವರನ್ನು ಕರೆಯುತ್ತಿದ್ದಾಳೆ" ಎಂದೆ.

ಮರುದಿನ ಮಾಮಾಗೆ ಗೊತ್ತಾಯಿತು. ನಿರ್ದೇಶಕರ ಮುಂದೆ ಕೈ ಮುಗಿದು ನಿಂತರು. ತಮ್ಮ ಹರಕು ಹಿಂದಿಯಲ್ಲಿ, ಇದು ಅವಳ ಮನೆಯ ಗುಟ್ಟು, ಚಿತ್ರವನ್ನು ಮೊದಲು ಆ ಚಾಳಿನ ಅಂಗಳದಲ್ಲೇ ತೋರಿಸುವವರಿದ್ದೀರಿ, ಅಲ್ಲಿ ಎಲ್ಲರಿಗೂ ಈ ಮಾತು ತಿಳಿಯುತ್ತದೆ, ಅವಳು ಮತ್ತೆ ತಲೆ ಎತ್ತಿ ತಿರುಗಲಾರಳು ಎಂದರು. ನಿರ್ದೇಶಕರು ನನ್ನತ್ತ ತಿರುಗಿದರು. "ನೀನೂ ಆ ಭಾಷೆಯವನು. ಹೌದಾ ಇದು?"

ಆ ಚಿತ್ರ ಗೆದ್ದರೆ ನನ್ನನ್ನು ಎಡಿಟರ್ ಮಾಡುವ ಮಾತಾಗಿತ್ತು. ಮನೆಯಲ್ಲಿ ಹೆಂಡತಿ ಬಸುರಿ. "ನನಗೆ ಹಾಗೇನೂ ಕೇಳಿಸಲಿಲ್ಲ" ಎಂದೆ.

ಮಾಮಾ ನನ್ನನ್ನು ಒಮ್ಮೆ ನೋಡಿದರು. ಸಿಟ್ಟಿರಲಿಲ್ಲ, ಬಹಳ ದಣಿದವರ ನೋಟ ಅದು. ಆಮೇಲೆ ಯಂತ್ರದ ಮುಂದೆ ಕೂತು, ನಮ್ಮಿಬ್ಬರ ಕಣ್ಣೆದುರೇ ಆ ಟೇಪನ್ನು ಮೊದಲಿಂದ ಕೊನೆವರೆಗೆ ಅಳಿಸಿದರು. ನಿರ್ದೇಶಕರು ಅವರನ್ನು ಸುಳ್ಳುಗಾರನೆಂದರು, ಕೆಲಸಗೇಡಿ ಎಂದರು. ಸಂಜೆಯೊಳಗೆ ಅವರ ಕೆಲಸ ಹೋಯಿತು. ಆ ಮೇಲೆ ಯಾವ ಸ್ಟುಡಿಯೋದವರೂ ಅವರನ್ನು ಕರೆಯಲಿಲ್ಲ.

ಎರಡು ವರ್ಷದ ಮೇಲೆ ವಿಕ್ರೋಳಿಯ ಒಂದು ಉಡುಪಿ ಹೋಟೆಲಿನಲ್ಲಿ ಸಿಕ್ಕರು. ಯಾರೋ ನೆಂಟರದು. ತಟ್ಟೆ ಲೋಟಗಳ ಆ ಗದ್ದಲದಲ್ಲಿ ತರಕಾರಿ ಹೆಚ್ಚುತ್ತಾ ಕೂತಿದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದು, "ಮಗು ಹೇಗುಂಟು?" ಎಂದರು.

"ಮಾಮಾ, ನನ್ನಿಂದ ತಪ್ಪಾತ್ರಿ. ನಿಮ್ಮ ಅನ್ನಾ ಕಸಗೊಂಡೆ ನಾ."

"ಎಂಥದು ಮಾರಾಯ. ಮೊದಲು ತಪ್ಪು ಮಾಡಿದ್ದು ನಾನು. ಅವತ್ತು ಹೆಡ್‌ಫೋನಿನಲ್ಲಿ ಅವಳು ಅಳುವುದು ಬಂತು. ಸದ್ದು ಚಂದ ಬರ್ತಾ ಉಂಟು ಅಂತ ನಿಲ್ಲಿಸಲಿಲ್ಲ. ಆಮೇಲೆ ಅಳಿಸಲಿಕ್ಕೂ ಮನಸ್ಸು ಬರಲಿಲ್ಲ. ನಾಳೆ ಅಳಿಸುವ ಅಂತ ಡಬ್ಬಿಯಲ್ಲಿ ಇಟ್ಟೆ. ನಿನಗಾದರೂ ಹೆಂಡತಿ ಮಕ್ಕಳ ನೆವ ಉಂಟು. ನನಗೆ ಎಂಥ ಇತ್ತು?" ಎಂದು ನನಗೊಂದು ಚಹಾ ತರಿಸಿದರು.

ಅವರು ಹೋದ ಸುದ್ದಿ ಆ ಹೋಟೆಲಿನವರಿಂದಲೇ ಬಂತು, ಮಣ್ಣಾಗಿ ಹತ್ತು ದಿನದ ಮೇಲೆ. ಅವರ ಕೆಲಸ ಹೋದ ವರ್ಷವೇ, ಅವಳ ಮನೆಯ ದೃಶ್ಯಕ್ಕೆ ಪಿಟೀಲನ್ನೇ ಹಾಕಿ ಚಿತ್ರ ಮುಗಿಸಿದ್ದೆವು. ಚಾಳಿನ ಅಂಗಳದಲ್ಲಿ ತೋರಿಸಿದ ಸಂಜೆ ಆ ಹೆಂಗಸು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಎಲ್ಲರ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪರದೆಯ ಮೇಲೆ ತನ್ನನ್ನೇ ಕಂಡು, ಸೆರಗು ಬಾಯಿಗೆ ಹಿಡಿದು ನಕ್ಕಳು. ಎಡಿಟರ್ ಎಂದು ನನ್ನ ಹೆಸರು ಬಂತು. ಮಾಮಾನ ಹೆಸರು ಎಲ್ಲೂ ಇರಲಿಲ್ಲ. ನಿರ್ದೇಶಕರು ನನ್ನ ಪಕ್ಕದಲ್ಲೇ ಇದ್ದರು. ಆಗಲಾದರೂ ಹೇಳಬಹುದಿತ್ತು: ಆ ಮನುಷ್ಯ ಹೇಳಿದ್ದು ನಿಜ ಸಾಹೇಬ್, ನನಗೂ ಎಲ್ಲ ಅರ್ಥವಾಗಿತ್ತು. ಹೇಳಲಿಲ್ಲ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.