ಅವ್ವನ ಬೀಜ, ನನ್ನ ಚೀಲ

ರೋಣದ ಪೇಟೆಯಲ್ಲಿ ನನ್ನದು ಪ್ಲಾಸ್ಟಿಕ್ ಚೀಲ, ಹಾಳೆಗಳ ಅಂಗಡಿ. ಹಾಲಿನ ಪಾಕೀಟಿನ ಜಾತಿಯ ಮೆತ್ತನೆಯ ಪ್ಲಾಸ್ಟಿಕ್ಕನ್ನು ಗಿರಾಕಿಗಳ ಮುಂದೆ ಎಳೆದು, ಮಡಚಿ, ತಿರುಚಿ ತೋರಿಸುವುದು ನನ್ನ ಚಟ. ಅದರ ಅಣುಗಳು ಜಾಲಿಗಿಡದ ಹಾಗೆ ಕವಲೊಡೆದಿರುತ್ತವಂತೆ, ಒತ್ತೊತ್ತಾಗಿ ಕೂರುವುದಿಲ್ಲವಂತೆ, ಅದಕ್ಕೇ ಮೆತ್ತಗಂತೆ. ಮಾಲು ತರುವವನಿಂದ ಕಲಿತ ಇಷ್ಟು ವಿದ್ಯೆಗೇ ನನಗೆ ಕೋಡು ಮೂಡಿತ್ತು.

ಬೆಳವಣಕಿಯ ನಮ್ಮ ಮನೆಯಲ್ಲಿ ಅವ್ವ ಬಿತ್ತನೆಯ ಬಿಳಿಜೋಳವನ್ನು ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದಳು. ಮದುವೆಯಾಗಿ ಬರುವಾಗ ತವರೂರು ಮುಶಿಗೇರಿಯಿಂದ ಉಡಿಯಲ್ಲಿ ತಂದ ತಳಿ ಅದು. ಕಾಳಿನ ನಡುನಡುವೆ ಬೂದಿ, ಹಸಿ ಬೇವಿನ ಸೊಪ್ಪು, ಬಾಯಿಗೆ ಬಟ್ಟೆ. ಬಿತ್ತನೆಗೆ ಮುಂಚೆ ಓಣಿಯ ಹೆಂಗಸರು ಸೆರಗೊಡ್ಡಿ ಒಂದೊಂದು ಸೇರು ಒಯ್ಯುತ್ತಿದ್ದರು. "ಇಕಿ ಕೈಯಾಗಿನ ಬೀಜ ಹುಸಿ ಹೋಗಂಗಿಲ್ಲ" ಎನ್ನುತ್ತಿದ್ದರು. ಅವ್ವನಿಗಿದ್ದ ದೊಡ್ಡಸ್ತಿಕೆ ಅದೊಂದೇ.

ಹೋದ ವರ್ಷ ಗಡಿಗೆ ಬಿರುಕು ಬಿಟ್ಟಿತು. ನಾನು ದಪ್ಪ ಚೀಲ ತಂದೆ. "ಇದರಾಗ ತೇವ ಹೋಗಂಗಿಲ್ಲ ಬೇ" ಎಂದೆ.

ಅವ್ವ ಮುಟ್ಟಿ ನೋಡಿ, "ಕಾಳು ಉಸರ ಹ್ಯಾಂಗ ಆಡಬೇಕೋ?" ಎಂದಳು. ನಕ್ಕುಬಿಟ್ಟೆ.

ರೂಢಿಯಂತೆ ಅವಳು ಬೂದಿ, ಹಸಿ ಸೊಪ್ಪು ಸೇರಿಸಿದಳು. ಮೇಣದಬತ್ತಿಯ ಉರಿಗೆ ಚೀಲದ ಬಾಯಿ ಹಿಡಿದು ಅಂಟಿಸಿದವನು ನಾನು. ಇದು ಕಡಿಮೆ ಕಾವಿಗೇ ಕರಗುತ್ತದೆ ಎಂದು ಭಾಷಣವನ್ನೂ ಬಿಗಿದೆ. ಒಳಗಿನ ತೇವ ಹೊರಗೂ ಬರುವುದಿಲ್ಲ ಎಂಬುದು, ದಿನವಿಡೀ ಅದನ್ನೇ ಮಾರುವ ನನ್ನ ತಲೆಗೆ ಹೊಳೆಯಲಿಲ್ಲ.

ಹಿಂಗಾರಿ ಬಿತ್ತನೆಗೆ ಚೀಲ ಕೊಯ್ದರೆ ಮುಗ್ಗುಲು ವಾಸನೆ. ಸೊಪ್ಪು ಕೊಳೆತು ಕಾಳಿಗೆಲ್ಲ ಬೂಸ್ಟು ಹತ್ತಿತ್ತು. ಅವ್ವ ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು, ಒಂದೂ ಮೊಳೆಯಲಿಲ್ಲ. ಮುಶಿಗೇರಿಯಲ್ಲಿ ಆ ತಳಿಯನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಓಣಿಯವರು, ಬೀಜಕ್ಕೆ ಅವ್ವ ಇದ್ದಾಳಲ್ಲ ಎಂದು, ಬೆಳೆದದ್ದನ್ನೆಲ್ಲ ರೊಟ್ಟಿ ಮಾಡಿ ತಿಂದಿದ್ದರು.

ಮರುವಾರ ಪಕ್ಕದ ಮನೆಯ ಹೆಂಗಸು ಬೀಜ ಕೇಳಲು ಬಂದಳು. ನಾನು ಪಡಸಾಲೆಯಲ್ಲೇ ಇದ್ದೆ. ಅವ್ವ ನನ್ನತ್ತ ನೋಡದೆ, "ಈ ಸಲ ಬೀಜ ತೆಗದಿಡೂದ ಮರತೆ ನಮ್ಮವ್ವಾ" ಎಂದಳು.

ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅಂಗಡಿಯ ಹೆಸರು ಕೆಟ್ಟೀತೆಂಬ ಅಂಜಿಕೆ. ನಾಚಿಕೆಗೆಟ್ಟವನು ನಾನು. ಈಗ ಊರಲ್ಲಿ ಅವ್ವನಿಗೆ ಅರಳುಮರಳು ಎಂದು ಮಾತಾಡುತ್ತಾರೆ.

ಮೊನ್ನೆ ಬೆಳವಣಕಿಯ ಗಿರಾಕಿಯೊಬ್ಬರು ಅಂಗಡಿಯಲ್ಲಿ ಕೇಳಿದರು, "ನಿಮ್ಮ ಅವ್ವಾರಿಗೆ ಮರವು ಭಾಳ ಆಗೇತಂತಲ್ರಿ?"

"ವಯಸ್ಸಾತಲ್ರಿ" ಎಂದೆ.