ಬೀಗ ಹಾಕಿದ ಬುಟ್ಟಿ

ಪತೇರೋಸ್ ಊರಿನ ಸತುರ್ನಿನಾ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಬಾತುಮೊಟ್ಟೆಗೆ ಕಾವು ಕೊಟ್ಟು, ಒಳಗೆ ಮರಿ ಅರೆಬರೆ ಮೂಡುತ್ತಲೇ ಬೇಯಿಸಿ ಮಾರುವ ಬಲೂತ್ ಕಸುಬಿನಲ್ಲೇ ಅವಳ ತಲೆ ನರೆತಿತ್ತು. ಮೊಟ್ಟೆಯನ್ನು ದೀಪಕ್ಕೆ ಹಿಡಿದರೆ ಮೊದಲು ಒಂದು ಚುಕ್ಕೆ, ಆಮೇಲೆ ಕೆಂಪು ನರಗಳ ಬಲೆ, ಆಮೇಲೆ ಕಪ್ಪು ಕಣ್ಣು. ಇಷ್ಟು ವರ್ಷ ನೋಡಿದರೂ ಅವಳಿಗೆ ಅದರ ಮೇಲೂ ಗುಮಾನಿ.

"ಒಂದು ತೊಟ್ಟು ಲೋಳೆಯೊಳಗೆ ಕಣ್ಣು ಯಾವುದು, ರೆಕ್ಕೆ ಯಾವುದು ಅಂತ ಯಾರು ಹಂಚಿಕೊಡ್ತಾರೇ?" ಎಂದು ಸೊಸೆ ಪುರಿಂಗ್‌ಳನ್ನು ಕೇಳಿದ್ದಳು.

"ಯಾರೂ ಇಲ್ಲ ಅತ್ತೆ. ಒಂದು ಜೀವಕೋಶ ಎರಡಾಗುತ್ತೆ, ನಾಲ್ಕಾಗುತ್ತೆ. ಆಮೇಲೆ ಅಕ್ಕಪಕ್ಕದವು ಮಾತಾಡ್ಕೊಳ್ತವೆ, ನೀನು ಕಣ್ಣಾಗು, ನಾನು ಗುಂಡಿಗೆ ಆಗ್ತೀನಿ ಅಂತ. ಶಾಲೇಲಿ ಹೇಳ್ಕೊಟ್ಟಿದ್ರು."

"ಪಿಸುಗುಟ್ಟೋರನ್ನ ನಾನು ನಂಬಲ್ಲಮ್ಮ, ಮೊಟ್ಟೆ ಒಳಗಿದ್ರೂ ಅಷ್ಟೇ."

ಸೊಸೆಯನ್ನಂತೂ ನಂಬುತ್ತಲೇ ಇರಲಿಲ್ಲ. ಪುರಿಂಗ್ ಬೆಳಬೆಳಗ್ಗೆ ಕಾವುಮನೆಗೆ ನುಸುಳಿ ಬುಟ್ಟಿಗಳಲ್ಲಿ ಕೈಯಾಡಿಸುವುದನ್ನು ಅವಳು ಕಂಡಿದ್ದಳು. ಒಳ್ಳೊಳ್ಳೆ ಮೊಟ್ಟೆ ತವರಿಗೆ ಸಾಗುತ್ತಿವೆ, ಇನ್ನೇನು! ಸಂತ ಮಾರ್ತಾಳ ಹಬ್ಬಕ್ಕೆ ಊರಿಗೆಲ್ಲ ಉಣಿಸುವ ಮೊಟ್ಟೆ ಈ ಮನೆಯದೇ. ಅದು ಕೆಟ್ಟರೆ ಅಜ್ಜಿಯ ಕಾಲದ ಹೆಸರು ಮಣ್ಣುಪಾಲು.

ಹಬ್ಬದ ಬುಟ್ಟಿಯ ಮುಚ್ಚಳಕ್ಕೆ ಬೀಗ ಜಡಿದಳು. ಕಾವಿಗೆಂದು ಹುರಿದ ಭತ್ತದ ಬಿಸಿ ಚೀಲಗಳನ್ನು ತಾನೇ ಮೊಟ್ಟೆಗಳ ನಡುವೆ ಇಟ್ಟಳು. ಕಸುಬಿನವರೆಲ್ಲ ಮಾಡುವಂತೆ ಮೊಟ್ಟೆಯನ್ನು ರೆಪ್ಪೆಗೆ ಒತ್ತಿ ಕಾವು ನೋಡಿದಳು. ಅವಳದು ಯಾವಾಗಲೂ ಎಡರೆಪ್ಪೆ. ಹಿತವಾಗಿಯೇ ಇತ್ತು.

ಕೆಲವು ದಿನ ಬಿಟ್ಟು ಆ ಮೊಟ್ಟೆಗಳನ್ನು ದೀಪಕ್ಕೆ ಹಿಡಿದರೆ ಒಂದರಲ್ಲೂ ಕಣ್ಣಿಲ್ಲ. ಬಲೆ ಹರಿದು, ಮರಿ ಸತ್ತದ್ದರ ಗುರುತಾಗಿ ಬರೀ ರಕ್ತದ ಉಂಗುರ ಉಳಿದಿತ್ತು. ಮಿಕ್ಕ ಬುಟ್ಟಿಗಳಲ್ಲಿ ಮಾತ್ರ ಮರಿಗಳು ಮಿಸುಕುತ್ತಿದ್ದವು.

"ಏನು ಮಾಡಿದೆಯೇ ಮಾಟಗಾತಿ?"

"ಬೀಗದಕೈ ನಿಮ್ಮ ಸೊಂಟದಲ್ಲೇ ಇದೆಯಲ್ಲ ಅತ್ತೆ. ನಾನು ಮುಟ್ಟದೆ ಇದ್ದದ್ದು ಅದೊಂದೇ ಬುಟ್ಟಿ." ಪುರಿಂಗ್ ಆ ಬುಟ್ಟಿಯ ಒಂದು ಮೊಟ್ಟೆಯನ್ನು ರೆಪ್ಪೆಗೆ ತಾಗಿಸಿ ಬೆಚ್ಚಿ ತೆಗೆದಳು. "ಸುಡ್ತಿದೆ! ಸರ್ಪಸುತ್ತು ಆದಾಗಿಂದ ನಿಮ್ಮ ಎಡಗಡೆ ಮುಖಕ್ಕೆ ಬಿಸಿ ಗೊತ್ತಾಗ್ತಿಲ್ಲ. ದಿನಾ ಬೆಳಗ್ಗೆ ಬುಟ್ಟಿಗಳಿಂದ ಹೆಚ್ಚಿನ ಚೀಲ ನಾನೇ ತೆಗೀತಿದ್ದೆ."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ?"

ಸತುರ್ನಿನಾ ಆ ಮೊಟ್ಟೆಯನ್ನು ಕಸಿದುಕೊಂಡು ಬಲರೆಪ್ಪೆಗೆ ಒತ್ತಿದಳು. ಚುರ್ರೆಂದಿತು. ಎಲ್ಲವನ್ನೂ ಬೇಯಿಸಿ ಕೊಂದವಳು ತಾನೇ ಎಂದು ಗೊತ್ತಾಗಿ ಮುದುಕಿಗೆ ಅಳು ಉಕ್ಕಿತು, ನಾಚಿಕೆಯೂ ಆಯಿತು.

ಹಬ್ಬಕ್ಕೆ ಇನ್ನೂ ಸಮಯವಿತ್ತು. ಹೊಸ ಮೊಟ್ಟೆಗಳನ್ನು ಬುಟ್ಟಿಗೆ ತುಂಬಿ, ಚೀಲಗಳನ್ನು ಇಟ್ಟಳು. ಬೀಗ ಹಾಕಲಿಲ್ಲ. ಒಂದು ಮೊಟ್ಟೆ ಎತ್ತಿ, ಅಭ್ಯಾಸಬಲದಿಂದ ತನ್ನ ಎಡಗಣ್ಣಿನವರೆಗೂ ಒಯ್ದವಳು, ಅದನ್ನು ಸೊಸೆಯ ರೆಪ್ಪೆಗೆ ಮೆಲ್ಲಗೆ ತಾಗಿಸಿದಳು.

"ನೀನೇ ಹೇಳು, ಕಾವು ಸಾಕಾ?"